ಹೊಕ್ಕುಳಬಳ್ಳಿಯ ನಳಿಕೆ: ಹಗುರಗೊಂಡ ಕೈಗಳ ಚರಿತ್ರೆ

ಹೊಕ್ಕುಳಬಳ್ಳಿಯಲ್ಲಿ, ಮಾಸಿನಿಂದ ಮಗುವಿಗೆ ರಕ್ತ ತರುವ ತೆಳುಗೋಡೆಯ ಒಂದು ಅಭಿಧಮನಿಯೂ ಅದನ್ನು ಮರಳಿ ಒಯ್ಯುವ, ದಪ್ಪ ಸ್ನಾಯುಗೋಡೆಯ ಎರಡು ಅಪಧಮನಿಗಳೂ ಇರುತ್ತವೆ. ಬಳ್ಳಿಯನ್ನು ಕತ್ತರಿಸಿದ ಮೇಲೂ ಕೆಲವು ದಿನಗಳವರೆಗೆ ಇವುಗಳ ಮೂಲಕ ದೇಹದೊಳಗಿನ ದೊಡ್ಡ ರಕ್ತನಾಳಗಳನ್ನು ತಲುಪಬಹುದು. ಅಮೆರಿಕದ ವೈದ್ಯ ಸಿಡ್‌ಬರಿ ಈ ಅಭಿಧಮನಿಯಿಂದ ನವಜಾತ ಶಿಶುವಿಗೆ ರಕ್ತ ಕೊಟ್ಟದ್ದನ್ನು 1923ರಲ್ಲೇ ವರದಿ ಮಾಡಿದ್ದರೂ, ಈ ದಾರಿ ಬಳಕೆಗೆ ಬಂದದ್ದು 1940ರ ದಶಕದ ಕೊನೆಯಲ್ಲಿ. ತಾಯಿಯ ಪ್ರತಿಕಾಯಗಳು ಮಗುವಿನ ಕೆಂಪು ರಕ್ತಕಣಗಳನ್ನು ಒಡೆಯುವ ಆರ್‌ಎಚ್ ಕಾಯಿಲೆಯಲ್ಲಿ ಮಗುವಿನ ರಕ್ತವನ್ನೇ ಬದಲಿಸಲು ಬಾಸ್ಟನ್ನಿನ ಲೂಯಿಸ್ ಡೈಮಂಡ್ ಮೆದು ಪ್ಲಾಸ್ಟಿಕ್ ನಳಿಕೆಯನ್ನು, ಅಂದರೆ ಕ್ಯಾತಿಟರನ್ನು, ಬಳಸಿದರು.

ಅಪಧಮನಿಯ ಕಥೆ ಇಷ್ಟು ಸರಳವಲ್ಲ. 1950ರ ದಶಕದಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ವರ್ಜೀನಿಯಾ ಅಪ್ಗಾರ್, ಸ್ಟ್ಯಾನ್ಲಿ ಜೇಮ್ಸ್ ಮತ್ತು ಅವರ ಸಂಗಡಿಗರು ನವಜಾತ ಶಿಶುಗಳ ರಕ್ತದಲ್ಲಿನ ಆಮ್ಲಜನಕವನ್ನೂ ಆಮ್ಲೀಯತೆಯನ್ನೂ ಅಳೆಯತೊಡಗಿದ ಬಳಿಕ ಅಪಧಮನಿಯ ನಳಿಕೆಗೆ ಮಹತ್ವ ಬಂದಿತು. ಆದರೆ ಹುಟ್ಟಿದೊಡನೆ ಬಿಗಿಯಾಗಿ ಮುಚ್ಚಿಕೊಂಡು ರಕ್ತಸ್ರಾವ ತಡೆಯುವುದು ಈ ನಾಳದ ಸಹಜ ಗುಣವಾದುದರಿಂದ, ಅವಸರದಲ್ಲಿ ತಳ್ಳಿದ ನಳಿಕೆ ಗೋಡೆಯ ಪದರಗಳ ನಡುವೆ ನುಗ್ಗಿ ಸುಳ್ಳುದಾರಿ ಕೊರೆಯುತ್ತಿತ್ತು. ಒಂದು ಕಿಲೋಗ್ರಾಂ ತೂಗದ ಅವಧಿಪೂರ್ವ ಶಿಶುವಿನಲ್ಲಿ ಸುಮಾರು 1.2 ಮಿಲಿಮೀಟರ್ ದಪ್ಪದ ನಳಿಕೆಯೂ ದೊಡ್ಡದೇ. ಸೂಕ್ಷ್ಮ ಚಿಮುಟದ ತುದಿಗಳನ್ನು ನಾಳದ ಬಾಯಲ್ಲಿಟ್ಟು, ಅವು ತಾವಾಗಿ ಅರಳುವಂತೆ ಬಿಟ್ಟು, ಸ್ನಾಯು ಸಡಿಲವಾಗುವ ತನಕ ಕಾಯುವುದು, ತಡೆ ಎದುರಾದರೆ ಬಲವಾಗಿ ತಳ್ಳದೆ ಹಗುರವಾದ ಒತ್ತಡದಲ್ಲೇ ನಿಲ್ಲುವುದು, ಆಗಲೂ ದಾರಿ ಸಿಗದಿದ್ದರೆ ಎರಡನೆಯ ಅಪಧಮನಿಯತ್ತ ತಿರುಗುವುದು ಕ್ರಮೇಣ ಪಾಠವಾಯಿತು. ಬಳ್ಳಿಯನ್ನು ಅಡ್ಡಲಾಗಿ ಪೂರ್ತಿ ಕತ್ತರಿಸದೆ ನಾಳವನ್ನು ಪಕ್ಕದಿಂದ ಅರ್ಧದಷ್ಟೇ ಕೊಯ್ದು ಒಳಹೋಗುವ ವಿಧಾನವೂ ಬಂದಿತು. ಈ ಕಲೆಯ ನಿಜವಾದ ಪ್ರಗತಿ ಉಪಕರಣಗಳಿಗಿಂತ ಹೆಚ್ಚಾಗಿ ಈ ಕಾಯುವಿಕೆಯಲ್ಲಿದೆ.

ಎಷ್ಟು ಉದ್ದ ತೂರಿಸಬೇಕೆಂಬುದು ಮತ್ತೊಂದು ಪ್ರಶ್ನೆ. ಅಂದಾಜು ತಪ್ಪಿದಷ್ಟೂ ಮಗುವನ್ನು ಮತ್ತೆ ಮತ್ತೆ ಮುಟ್ಟಬೇಕಾಗುತ್ತಿತ್ತು. ಬ್ರಿಟನ್ನಿನ ಪೀಟರ್ ಡನ್ 1966ರಲ್ಲಿ ಮರಣೋತ್ತರ ಅಳತೆಗಳಿಂದ, ಭುಜದಿಂದ ಹೊಕ್ಕುಳಿಗಿರುವ ದೂರವನ್ನು ಆಧರಿಸಿದ ನಕ್ಷೆ ರೂಪಿಸಿದರು. ಉಳಿಯಲಾಗದ ಮಕ್ಕಳ ದೇಹದಿಂದ ದೊರೆತ ಈ ತಿಳಿವಳಿಕೆ ಕೃತಜ್ಞತೆಯಿಂದ ನೆನೆಯಬೇಕಾದದ್ದು. 1986ರಲ್ಲಿ ಶುಕ್ಲಾ ಮತ್ತು ಫೆರಾರಾ ತೂಕದಿಂದಲೇ ಉದ್ದ ಲೆಕ್ಕಹಾಕುವ ಸೂತ್ರ ಕೊಟ್ಟರು. ಕಾಲ್ಬೆರಳುಗಳು ನೀಲಿಗಟ್ಟುವುದು, ರಕ್ತ ಹೆಪ್ಪುಗಟ್ಟುವುದು ಮೊದಲಾದ ತೊಡಕುಗಳನ್ನು ಹೋಲಿಸಿ ನೋಡಿದಾಗ, ನಳಿಕೆಯ ತುದಿ ಸೊಂಟದ ಮಟ್ಟದಲ್ಲಿರುವುದಕ್ಕಿಂತ ಎದೆಭಾಗದ 6ರಿಂದ 9ನೇ ಬೆನ್ನುಮೂಳೆ ಮಣಿಗಳ ನೇರಕ್ಕೆ, ಮಹಾಪಧಮನಿಯಲ್ಲಿ ನಿಲ್ಲುವುದು ಲೇಸೆಂದು ಕಂಡುಬಂದಿತು.

ಜಪಾನಿನ ತಕುಒ ಅಒಯಾಗಿ 1974ರಲ್ಲಿ ಪ್ರಕಟಿಸಿದ ಪಲ್ಸ್ ಆಕ್ಸಿಮೀಟರ್ ತತ್ತ್ವ ಮುಂದೆ ಶಿಶು ತೀವ್ರನಿಗಾ ಘಟಕಗಳಿಗೆ ಬಂದಾಗ, ಚರ್ಮದ ಮೇಲಿನ ಬೆಳಕಿನಿಂದಲೇ ಆಮ್ಲಜನಕದ ಮಟ್ಟ ತಿಳಿಯುವಂತಾಗಿ, ಎಷ್ಟೋ ಮಕ್ಕಳಿಗೆ ಅಪಧಮನಿಯ ನಳಿಕೆಯೇ ಬೇಡವಾಯಿತು. ಬೇಕಾದವರಿಗೂ ಅಗತ್ಯ ತೀರಿದೊಡನೆ ಅದನ್ನು ತೆಗೆಯಲಾಗುತ್ತದೆ; ಕೊನೆಯ ಕೆಲವು ಸೆಂಟಿಮೀಟರುಗಳನ್ನು ಅತಿ ನಿಧಾನವಾಗಿ ಎಳೆದಾಗ ನಾಳ ತಾನೇ ಬಿಗಿದುಕೊಂಡು ರಕ್ತ ನಿಲ್ಲಿಸುತ್ತದೆ.