ದಾಸರ ಪದ ಅಚ್ಚು ಮಾಡಿದ ಪಾದ್ರಿ

ಇವತ್ತು ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ.

ಕಳೆದ ವಾರ ರಾತ್ರಿ ಒಂಬತ್ತರ ಚರ್ಚೆಯ ವಿಷಯ ನಿಮಗೆ ನೆನಪಿರಬಹುದು. ವಿದೇಶದ ಕ್ರಿಶ್ಚಿಯನ್ ಬ್ಯಾಂಡ್‌ಗಳು ನಮ್ಮ ದೇಶಕ್ಕೆ ಬಂದು ಊರೂರಲ್ಲಿ ಹಾಡುವುದು ಸಂಗೀತವೋ, ಮತಪ್ರಚಾರವೋ? ಪರದೆಯ ಕೆಳಗೆ ಕೆಂಪು ಪಟ್ಟಿಯಲ್ಲಿ ‘ಗಿಟಾರ್ ಹಿಡಿದು ಬಂದವರ ಅಸಲಿ ಅಜೆಂಡಾ?’ ಅಂತ ಓಡುತ್ತಿತ್ತು. ಆ ಪ್ರಶ್ನಾರ್ಥಕ ಚಿಹ್ನೆ ಹಾಕಿಸಿದ್ದು ನಾನೇ. ಐದು ಜನ ಅತಿಥಿಗಳು, ಐವತ್ತು ನಿಮಿಷ. ಒಬ್ಬರ ಮಾತೂ ಇನ್ನೊಬ್ಬರಿಗೆ ಕೇಳಿಸಲಿಲ್ಲ. ಕಾರ್ಯಕ್ರಮ ಜೋರಾಗಿತ್ತು ಅಂತ ಆಫೀಸಲ್ಲಿ ಎಲ್ಲರೂ ಬೆನ್ನು ತಟ್ಟಿದರು.

ಮರುದಿನ ಬೆಳಗ್ಗೆ ಶಿವಮೊಗ್ಗದ ವಿನೋಬನಗರದಿಂದ ಅಮ್ಮನ ಫೋನು.

“ಏನೋ, ರಾತ್ರಿ ಅಷ್ಟೊಂದು ಕೂಗಾಡ್ತಿದ್ದೆ? ಹಾಡು ಹೇಳೋರು ಬಂದ್ರೆ ನಿಂಗೇನು ಕಷ್ಟ?”

“ಅಮ್ಮಾ, ಅದು ಬರೀ ಹಾಡಲ್ಲ, ಪ್ರಚಾರ.”

“ನಾವು ಶನಿವಾರ ಮನೆಮನೆಗೆ ಹೋಗಿ ಭಜನೆ ಮಾಡ್ತೀವಲ್ಲ, ಅದೇನು ಮತ್ತೆ? ಹೋಗ್ಲಿ ಬಿಡು. ಮಂಡಳಿಯ ಹಾರ್ಮೋನಿಯಂ ಕೆಟ್ಟಿದೆ ಮಾರಾಯ. ಈ ಸಲ ಬಂದಾಗ ಭದ್ರಾವತಿಗೆ ತಗೊಂಡು ಹೋಗಿ ರಿಪೇರಿ ಮಾಡಿಸ್ಕೊಂಡು ಬಾ.”

ನಾನು ಓದಿದ್ದು ಇಂಜಿನಿಯರಿಂಗ್. ಇತಿಹಾಸ ನನ್ನ ಸಬ್ಜೆಕ್ಟ್ ಅಲ್ಲ. ಆದರೆ ಅಮ್ಮ ಕೇಳಿದ ಪ್ರಶ್ನೆಗೆ ಸ್ಟುಡಿಯೋದಲ್ಲಿದ್ದ ಐವರಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ, ನನ್ನ ಹತ್ತಿರವೂ ಇರಲಿಲ್ಲ. ಹಾಗಾಗಿ ಆ ವಾರ ರಜೆ ಹಾಕಿ ಓದಲಿಕ್ಕೆ ಕೂತೆ.

ಮೊದಲು ಕಂಡದ್ದು ಮುಂಬೈ. 1882ರ ಸೆಪ್ಟೆಂಬರ್ 19ರಂದು ಅಲ್ಲಿನ ಬಂದರಿನಲ್ಲಿ ‘ಸಾಲ್ವೇಶನ್ ಆರ್ಮಿ’ ಇಳಿಯಿತು. ಆರ್ಮಿ ಬರುತ್ತಿದೆ ಅಂತ ಪೊಲೀಸರು ಕಾದಿದ್ದರು. ಇಳಿದವರು ಒಟ್ಟು ನಾಲ್ಕೇ ಜನ! ಬೀದಿಯಲ್ಲಿ ವಾದ್ಯ ಬಾರಿಸುತ್ತ, ಹಾಡುತ್ತ ಮೆರವಣಿಗೆ ಹೊರಡುವುದು ಅವರ ಪದ್ಧತಿ. ಅವರ ನಾಯಕ ಫ್ರೆಡರಿಕ್ ಟಕ್ಕರ್ ಮೊದಲು ಇಲ್ಲೇ ಐಸಿಎಸ್ ಅಧಿಕಾರಿಯಾಗಿದ್ದವರು. ಕೆಲಸ ಬಿಟ್ಟು, ಕಾವಿ ಉಟ್ಟು, ಬರಿಗಾಲಲ್ಲಿ ನಡೆದು, ಫಕೀರ್ ಸಿಂಗ್ ಅಂತ ಹೆಸರಿಟ್ಟುಕೊಂಡರು. ಅವರ ಬ್ಯಾಂಡನ್ನು ತಡೆದು ಬಂಧಿಸಿದ್ದು ಯಾರು ಗೊತ್ತಾ? ಬ್ರಿಟಿಷ್ ಸರ್ಕಾರ. ಕ್ರೈಸ್ತರದ್ದೇ ಸರ್ಕಾರ, ಕ್ರೈಸ್ತರದ್ದೇ ಬ್ಯಾಂಡು! ಬೀದಿಯಲ್ಲಿ ಗಲಾಟೆ ಆದೀತು ಎಂಬ ಭಯ ಸರ್ಕಾರಕ್ಕೆ. ಆಗ ಈ ಹಾಡುಗಾರರ ಪರ ದನಿ ಎತ್ತಿದವರಲ್ಲಿ ಬ್ರಹ್ಮ ಸಮಾಜದ ಕೇಶವಚಂದ್ರ ಸೇನರೂ ಒಬ್ಬರು. ನಮ್ಮ ಚರ್ಚೆಯಲ್ಲಿ ಯಾರನ್ನು ಯಾವ ಕಡೆ ಕೂರಿಸಬೇಕಿತ್ತೋ ನನಗಂತೂ ತಿಳಿಯಲಿಲ್ಲ.

ಆದರೆ ನಮ್ಮ ಕನ್ನಡದ ಕಥೆ ಇದಕ್ಕಿಂತ ಹಳೆಯದು, ಇದಕ್ಕಿಂತ ತೊಡಕಿನದು.

1834ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದರು. ಎರಡು ವರ್ಷದ ನಂತರ, 1836ರಲ್ಲಿ, ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಓದಿದ್ದ ಹರ್ಮನ್ ಮೊಗ್ಲಿಂಗ್ ಬಂದರು. ವಯಸ್ಸು ಇಪ್ಪತ್ತೈದು. ಬಂದದ್ದು ಯಾಕೆ? ಮತಪ್ರಚಾರಕ್ಕೇ. ಅದನ್ನು ಅವರು ಮುಚ್ಚಿಟ್ಟವರಲ್ಲ, ನಾವು ಮುಚ್ಚಿಡಬೇಕಾದ್ದೂ ಇಲ್ಲ. 1841ರಲ್ಲಿ ಮಂಗಳೂರಿನಲ್ಲಿ ಮಿಷನ್ನಿನ ಕಲ್ಲಚ್ಚಿನ ಮುದ್ರಣಾಲಯ ಶುರುವಾಯಿತು. 1843ರ ಜುಲೈ 1ರಂದು ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರತಂದರು, ಕನ್ನಡದ ಮೊದಲ ಪತ್ರಿಕೆ. ನಾವು ಟಿವಿಯವರೂ ಪ್ರತಿ ವರ್ಷ ಜುಲೈ 1ಕ್ಕೆ ಹಾರ ಹಾಕಿಸಿಕೊಂಡು ಪತ್ರಿಕಾ ದಿನ ಆಚರಿಸ್ತೀವಲ್ಲ, ಅದು ಈ ಪಾದ್ರಿಯ ದೆಸೆಯಿಂದ. ಕಾರ್ಯಕ್ರಮದಲ್ಲಿ ಈ ಮಾತನ್ನು ಯಾರೂ ಒತ್ತಿ ಹೇಳುವುದಿಲ್ಲ.

ಇನ್ನು 1850. ಅದೇ ಮಂಗಳೂರಿನಲ್ಲಿ ಅದೇ ಮೊಗ್ಲಿಂಗ್ ‘ದಾಸರ ಪದಗಳು’ ಅಂತ ಒಂದು ಪುಸ್ತಕ ಅಚ್ಚು ಹಾಕಿಸಿದರು. ಪುರಂದರದಾಸರು, ಕನಕದಾಸರು ಮೊದಲಾದವರ ಹಾಡುಗಳ ಸಂಗ್ರಹ. ಅಲ್ಲಿಯವರೆಗೆ ಆ ಹಾಡು ಇದ್ದದ್ದು ಬಾಯಲ್ಲಿ ಮತ್ತು ಕೈಬರಹದಲ್ಲಿ. ದಾಸಸಾಹಿತ್ಯ ಪುಸ್ತಕವಾಗಿ ಅಚ್ಚಾದದ್ದು ಇದೇ ಮೊದಲು. ನಾನು ಇದನ್ನು ಎರಡು ಸಲ ಓದಿದೆ. ಯಾಕೆಂದರೆ ಪುರಂದರದಾಸರು ನಮ್ಮ ಜಿಲ್ಲೆಯವರು. ತೀರ್ಥಹಳ್ಳಿ ತಾಲ್ಲೂಕಿನ ಆರಗದ ಸೀಮೆಯೇ ಅವರ ಜನ್ಮಸ್ಥಳ ಅಂತ ಕೆಲವು ವರ್ಷದ ಹಿಂದೆ ಹಂಪಿ ಕನ್ನಡ ವಿಶ್ವವಿದ್ಯಾಲಯದ ತಜ್ಞರ ಸಮಿತಿ ಹೇಳಿತ್ತು, ಆ ಸುದ್ದಿಯನ್ನು ನಾನೇ ಓದಿದ್ದೆ. ನಮ್ಮ ಮಲೆನಾಡಿನ ದಾಸರ ಹಾಡನ್ನು ಮೊದಲು ಪುಸ್ತಕ ಮಾಡಿದ್ದು, ನಮ್ಮನ್ನು ಮತಾಂತರ ಮಾಡಲಿಕ್ಕೆ ಅಂತಲೇ ಹಡಗು ಹತ್ತಿ ಬಂದ ಮನುಷ್ಯ!

ಇದರ ಹಿಂದೆ ಲೆಕ್ಕಾಚಾರ ಇರಲಿಲ್ಲವೇ? ಇದ್ದೇ ಇತ್ತು. ಈ ಜನರ ಮನಸ್ಸು ತಿಳಿಯದೆ ಪ್ರಚಾರ ಸಾಧ್ಯವಿಲ್ಲ ಅನ್ನೋದು ಒಂದು. ಆಡಂಬರದ ಪೂಜೆಯನ್ನು ದಾಸರೇ ಬೈದಿದ್ದಾರಲ್ಲ, ಅದು ನಮಗೂ ಅನುಕೂಲ ಅನ್ನೋದು ಇನ್ನೊಂದಿರಬಹುದು. ಆದರೆ ಬರೀ ಲೆಕ್ಕಾಚಾರಕ್ಕೆ ಯಾರೂ ಇಷ್ಟು ಕೆಲಸ ಮಾಡುವುದಿಲ್ಲ ಸ್ವಾಮಿ. ಕಾಸಾಮೇಜರ್ ಎಂಬ ಇಂಗ್ಲಿಷ್ ಅಧಿಕಾರಿಯ ಹಣದ ನೆರವಿನಿಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ತೊರವೆ ರಾಮಾಯಣ, ಬಸವ ಪುರಾಣಗಳನ್ನೂ ಅಚ್ಚು ಹಾಕಿಸಿದ್ದು ಇವರೇ. ಮುಂದೆ ದಾಸರ ಪದಗಳನ್ನು ಜರ್ಮನ್ ಭಾಷೆಗೆ ಅನುವಾದಿಸಿ ಅಲ್ಲಿನ ವಿದ್ವಾಂಸರ ಪತ್ರಿಕೆಯಲ್ಲಿ ಪ್ರಕಟಿಸಿದರು. 1871ರಲ್ಲಿ ಚಾರ್ಲ್ಸ್ ಗೋವರ್ ದಕ್ಷಿಣ ಭಾರತದ ಜನಪದ ಹಾಡುಗಳ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ತಂದಾಗ ಅದರಲ್ಲೂ ದಾಸರ ಪದಗಳಿದ್ದವು. ಹೀಬ್ರೂ ಕೀರ್ತನೆಗಳನ್ನು ಹೊತ್ತುಕೊಂಡು ಬಂದ ಹಡಗು ವಾಪಸ್ ಹೋಗುವಾಗ ಪುರಂದರ ವಿಠಲನನ್ನು ಕೂರಿಸಿಕೊಂಡು ಹೋಯಿತು.

ಇಲ್ಲಿಗೇ ನಿಲ್ಲಿಸಿದರೆ ಕಥೆ ಬಹಳ ಚಂದ. ಆದರೆ ಅದು ಅರ್ಧ ಸತ್ಯ ಆಗುತ್ತೆ. 1844ರ ಜನವರಿಯಲ್ಲಿ ಮಂಗಳೂರಿನಲ್ಲಿ ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ ಸಾರಸ್ವತ ಬ್ರಾಹ್ಮಣ ಹುಡುಗರು ದೀಕ್ಷಾಸ್ನಾನ ಪಡೆದರು. ಊರಿಗೆ ಊರೇ ಅಲ್ಲೋಲಕಲ್ಲೋಲವಾಯಿತು. ಅವರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಯುವಕನನ್ನು ಮೊಗ್ಲಿಂಗ್ ಮಗನಂತೆ ಕಂಡರು. ಹರ್ಮನ್ ಎಂಬ ಹೆಸರೂ ಆತನ ಹೆಸರಿಗೆ ಸೇರಿತು. ಬಾಸೆಲ್‌ಗೆ ಹೋಗಿ ಓದಿ, ಪಾದ್ರಿಯಾಗಿ ಬಂದರು ಕೌಂಡಿನ್ಯ. ಹೆಂಡತಿ ಮಾತ್ರ ಅವರ ಜೊತೆ ಹೋಗಲಿಲ್ಲ. ಒಂದು ಮನೆ ಎರಡಾಯಿತು. ದಾಸರ ಪದ ಅಚ್ಚು ಮಾಡಿದ ಕೈ, ಆ ಮನೆಯ ಕಣ್ಣೀರಿಗೂ ಕಾರಣವಾದ ಕೈ. ಎರಡೂ ನಿಜ. ನಮ್ಮ ಚರ್ಚೆಗಳಲ್ಲಿ ಒಬ್ಬ ಅತಿಥಿ ಮೊದಲನೆಯದನ್ನು ಹೇಳ್ತಾರೆ, ಇನ್ನೊಬ್ಬರು ಎರಡನೆಯದನ್ನು. ಎರಡನ್ನೂ ಹೇಳುವ ಅತಿಥಿ ನನಗಿನ್ನೂ ಸಿಕ್ಕಿಲ್ಲ.

ಕಿಟ್ಟೆಲ್ ಕಥೆ ನಿಮಗೆ ಗೊತ್ತಿರೋದೇ. 1853ರಲ್ಲಿ ಬಂದರು, 1894ರಲ್ಲಿ ಆ ಮಹಾ ನಿಘಂಟು ಬಂತು. ಆದರೆ 1862ರ ‘ಕಥಾಮಾಲೆ’ ಎಷ್ಟು ಜನರಿಗೆ ಗೊತ್ತು? ಏಸುವಿನ ಜೀವನವನ್ನು ಕನ್ನಡದ್ದೇ ಛಂದಸ್ಸಿಗೆ ಇಳಿಸಿ ಬರೆದ ಕಾವ್ಯ ಅದು. ಜರ್ಮನ್ ರಾಗಕ್ಕೆ ಕನ್ನಡ ಪದ ತುಂಬಿಸಿ ಹಾಡಿಸೋದು ಸುಲಭದ ದಾರಿ. ಕಿಟ್ಟೆಲ್ ನಮ್ಮ ಧಾಟಿಯನ್ನೇ ಕಲಿಯಲು ಕೂತರು. ಕಲಿಯುತ್ತ ಕಲಿಯುತ್ತ ಕೇಶಿರಾಜನ ವ್ಯಾಕರಣಕ್ಕೆ, ನಾಗವರ್ಮನ ಛಂದಸ್ಸಿಗೆ ಸಿಕ್ಕಿಹಾಕಿಕೊಂಡರು. ಪ್ರಚಾರಕ್ಕೆ ಬಂದ ಮನುಷ್ಯ ನಿಘಂಟಿಗೆ ತನ್ನ ಆಯುಷ್ಯ ಕೊಟ್ಟದ್ದು ಮಿಷನ್ನಿನ ಕೆಲವರಿಗೆ ಹಿಡಿಸಲಿಲ್ಲ. ಯಾರು ಯಾರನ್ನು ಪರಿವರ್ತನೆ ಮಾಡಿದರು ಅಂತ ನೀವೇ ಹೇಳಿ.

ಈಗ ಎದುರು ದಿಕ್ಕಿನ ಹಡಗು. 1965ರಲ್ಲಿ ‘ಜಲದೂತ’ ಎಂಬ ಸರಕು ಹಡಗಿನಲ್ಲಿ ಪ್ರಭುಪಾದರು ಅಮೆರಿಕಕ್ಕೆ ಹೋದರು, ಮರುವರ್ಷ ಇಸ್ಕಾನ್ ಶುರುವಾಯಿತು. 1969ರಲ್ಲಿ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್, ಲಂಡನ್ನಿನ ಭಕ್ತರ ಹರೇ ಕೃಷ್ಣ ಮಂತ್ರವನ್ನು ರೆಕಾರ್ಡ್ ಮಾಡಿಸಿದರು. ಅದು ಬ್ರಿಟನ್ನಿನ ಹಿಟ್ ಹಾಡುಗಳ ಪಟ್ಟಿಗೇ ಸೇರಿತು. ಲಂಡನ್ ಬೀದಿಯಲ್ಲಿ ಮೃದಂಗ ಬಾರಿಸಿ ಕುಣಿದವರು ಇಂಗ್ಲಿಷ್ ಹುಡುಗರು. ಅವರ ಅಪ್ಪ ಅಮ್ಮಂದಿರಿಗೂ ಹೊಟ್ಟೆ ಉರಿದಿರಬೇಕು. ಇದನ್ನು ನಾವು ಹೆಮ್ಮೆಯಿಂದ ಸಂಸ್ಕೃತಿ ಪ್ರಸಾರ ಅಂತೀವಿ. ನಾನೂ ಅಂತೀನಿ. ಹಾಗಾದರೆ ಗಿಟಾರ್‌ಗೆ ಯಾಕೆ ಬೇರೆ ಪಟ್ಟಿ?

ಕಾನೂನು ಇದೆ, ಇರಲಿ. ಪ್ರವಾಸಿ ವೀಸಾದಲ್ಲಿ ಬಂದು ಧರ್ಮಬೋಧನೆ ಮಾಡುವ ಹಾಗಿಲ್ಲ, ಅದಕ್ಕೆ ಮಿಷನರಿ ವೀಸಾ ಅಂತಲೇ ಬೇರೆ ಇದೆ. ಸಂವಿಧಾನದ 25ನೇ ವಿಧಿ ಧರ್ಮಪ್ರಚಾರದ ಹಕ್ಕು ಕೊಟ್ಟಿದೆ. ಆದರೆ ಇನ್ನೊಬ್ಬರನ್ನು ಮತಾಂತರಿಸುವುದು ಆ ಹಕ್ಕಿನಲ್ಲಿ ಸೇರಿಲ್ಲ ಅಂತ 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬಂದ ಬ್ಯಾಂಡು ಆಮಿಷ ಒಡ್ಡಿದರೆ ಕೇಸು ಹಾಕಲಿ, ನಾನೇ ಬ್ರೇಕಿಂಗ್ ನ್ಯೂಸ್ ಓದ್ತೀನಿ. ಹಾಡಿದ್ದಕ್ಕೇ ಕೆಂಪು ಪಟ್ಟಿ ಹಾಕಿದ್ದು ಮಾತ್ರ ನನ್ನ ತಪ್ಪು.

ಭಾನುವಾರ ಊರಿಗೆ ಹೋದೆ. ವಿನೋಬನಗರದ ನೂರಡಿ ರಸ್ತೆಯಿಂದ ಹಾರ್ಮೋನಿಯಂ ಕಾರಿಗೆ ಹಾಕಿಕೊಂಡು ಭದ್ರಾವತಿಗೆ ಹೊರಟೆ. ದಾರಿಯುದ್ದಕ್ಕೂ ಆ ಪೆಟ್ಟಿಗೆಯದ್ದೇ ಯೋಚನೆ. ಅದೂ ಯುರೋಪಿನಿಂದ ಬಂದದ್ದೇ. ಒಂದು ಸ್ವರದಿಂದ ಮುಂದಿನದಕ್ಕೆ ಎರಡರ ಹನ್ನೆರಡನೇ ಮೂಲದಷ್ಟು ಅಂತರ, ಎಲ್ಲಾ ಮೆಟ್ಟಿಲೂ ಸಮ. ನನ್ನಂಥ ಇಂಜಿನಿಯರಿಗೆ ಖುಷಿ. ನಮ್ಮ ಗಮಕಕ್ಕೆ ಮಾತ್ರ ಅದು ಒಗ್ಗುವುದಿಲ್ಲ. ಇದೇ ಕಾರಣಕ್ಕೆ 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂಗೆ ನಿಷೇಧ ಹೇರಿತ್ತು. ನಿಷೇಧ ಸಡಿಲವಾಗಲು 1971 ಬರಬೇಕಾಯಿತು. ಆ ಮೂವತ್ತು ವರ್ಷವೂ ಭಜನಾ ಮಂಡಳಿಗಳು ರೇಡಿಯೋದವರನ್ನು ಕೇಳದೆ ಅದನ್ನೇ ಬಾರಿಸುತ್ತಿದ್ದವು.

ರಿಪೇರಿಯವರ ಮನೆ ಜಗಲಿಯಲ್ಲಿ ಆಗಲೇ ನಾಲ್ಕು ಪೆಟ್ಟಿಗೆ ಸಾಲಾಗಿ ಕೂತಿದ್ದವು. ಎರಡು ಭಜನಾ ಮಂದಿರದ್ದು, ಒಂದು ನಾಟಕದವರದ್ದು, ಒಂದು ಚರ್ಚಿನದ್ದು. ಅವರು ನಮ್ಮದರ ಮುಚ್ಚಳ ತೆಗೆದು, ತಿದಿ ಒತ್ತಿ, ಕಿವಿ ಹತ್ತಿರ ತಂದರು.

“ರೀಡು ತುಕ್ಕು ಹಿಡಿದಿದೆ ಸಾರ್. ಚರ್ಚಿನೋರಿಗೆ ಕ್ರಿಸ್‌ಮಸ್‌ಗೆ ಬೇಕಂತೆ, ಅದು ಮೊದ್ಲು ಮಾಡ್ತೀನಿ. ನಿಮ್ದು ಯಾವತ್ತಿಗೆ ಬೇಕು?”

“ಶನಿವಾರಕ್ಕೆ. ಅಮ್ಮನ ಭಜನೆ ಇದೆ.”

“ಸರಿ ಬಿಡಿ, ಶುಕ್ರವಾರ ಸಂಜೆ ಬನ್ನಿ” ಅಂದವರು, ಒಂದು ಕ್ಷಣ ನನ್ನ ಮುಖವನ್ನೇ ನೋಡಿದರು. “ನೀವು ಟಿವಿಲಿ ಕೂಗ್ತೀರಲ್ಲ, ಅವ್ರೇ ಅಲ್ವಾ?”