ಶಿಲ್ಲಾಂಗಿನ ಬಾ ಲೂ ಮತ್ತ ಮೇ 24

ಮೇ 24 ಅಂದ್ರ ನಮ್ಮ ಕಡೆ ಏನೂ ವಿಶೇಷ ಇಲ್ಲ. ಹುಡುಗ್ರಿಗೆ ಸೂಟಿ, ಮಾಳಗಿ ಮ್ಯಾಲೆ ಹಪ್ಪಳ ಸಂಡಿಗಿ, ಉಪ್ಪಿನಕಾಯಿ ಭರಣಿ, ಅಷ್ಟ. ಆದ್ರ ಮೇಘಾಲಯದ ಶಿಲ್ಲಾಂಗ್ ಊರಾಗ ಆ ದಿನ ಒಂಥರಾ ಹಬ್ಬ. ಅಮೆರಿಕಾದ ಹಾಡುಗಾರ ಬಾಬ್ ಡಿಲನ್ 1941ರಾಗ ಹುಟ್ಟಿದ ದಿನ ಅದು. ಅಮೆರಿಕಾದವನ ಹುಟ್ಟುಹಬ್ಬ ಖಾಸಿ ಗುಡ್ಡದಾಗ ಯಾಕ ಅಂತ ಕೇಳಿದ್ರ, ಕಾರಣ ಒಬ್ಬರ ಮನುಷ್ಯರು. ಅವರ ಹೆಸರು ಲೂ ಮಜಾವ್. 1972ರಿಂದ ವರ್ಷಾ ಅದ ದಿನ ಗಿಟಾರ ಹಿಡಿದು ಹಾಡ್ಕೋತ ಬಂದಾರ.

ಇವರಿಗೆ ಶಿಲ್ಲಾಂಗಿಗೆ ವರ್ಗ ಆಗಿ ನಾವು ಅಲ್ಲೆ ಇದ್ದಾಗ ಅವರ ಹಾಡು ಹತ್ತು ಹೆಜ್ಜಿ ದೂರದಿಂದ ಕೇಳಿದೆ. ಮೊನ್ನೆ ವೈನಿ ಫೋನಿನ್ಯಾಗ, "ನೀ ಅಲ್ಲೆ ಯಾರೋ ಮುದುಕರ ಹಾಡು ಕೇಳಿದ್ದೆಲ್ಲಾ, ಅವರ ಬಗ್ಗೆ ಬರೀ" ಅಂದ್ರು. ಬರಿಯೂದಂದ್ರ ಮೊದಲ ಆ ಊರು ಹಾಡು ಕಲ್ತ ಕಥಿ ಹೇಳಬೇಕಾಗ್ತದ.

ಖಾಸಿ ಮಂದಿಗೆ ಮೊದಲಿನಿಂದನೂ ದುಯಿತಾರಾ ಅಂತ ಒಂದು ತಂತಿ ವಾದ್ಯ ಅದ. ಅದನ್ನ ಮೀಟಿಕೋತ ಕಥಿ ಹೇಳೂದು, ಪದಾ ಕಟ್ಟಿ ಹಾಡೂದು ಅವರ ಪದ್ಧತಿ. ಬರವಣಿಗಿ ಮಾತ್ರ ಇರಲಿಲ್ಲ. 1841ರಾಗ ವೇಲ್ಸ್ ದೇಶದಿಂದ ಥಾಮಸ್ ಜೋನ್ಸ್ ಅನ್ನೋ ಮಿಶನರಿ ಸೊಹ್ರಾಕ್ಕ, ಅಂದ್ರ ನಾವು ಚೆರಾಪುಂಜಿ ಅಂತೀವಲ್ಲ ಅಲ್ಲಿಗೆ, ಬಂದ್ರು. ಖಾಸಿ ಭಾಷಾಕ್ಕ ರೋಮನ್ ಅಕ್ಷರ ಹೊಂದಿಸಿದವರು ಅವರ. ನಮ್ಮ ಧಾರವಾಡಕ್ಕ ಬಾಸೆಲ್ ಮಿಶನ್ನಿನವರು ಬಂದದ್ದೂ ಹೆಚ್ಚು ಕಡಿಮಿ ಅದ ಹೊತ್ತಿಗೇ. ವೇಲ್ಸಿನವರು ಹಾಡಿನ ಹುಚ್ಚಿನ ಮಂದಿ. ನಾಲ್ಕು ಬ್ಯಾರೆ ಬ್ಯಾರೆ ಧ್ವನಿಯೊಳಗ ಕೂಡಿ ಹಾಡೂದು ಅವರ ಚರ್ಚಿನ ರೂಢಿ. ಅದು ಖಾಸಿ ಮಂದಿಗೆ ಎಷ್ಟು ಹತ್ತಿತಂದ್ರ, ಇವತ್ತಿಗೂ ಅಲ್ಲೆ ಸಣ್ಣ ಹುಡುಗ್ರು ಯಾರೂ ಕಲಿಸದ ಎರಡನೇ ಧ್ವನಿ ಹಿಡೀತಾವು. 2010ರಾಗ ಟೀವಿ ಸ್ಪರ್ಧಾದಾಗ ಗೆದ್ದ ಶಿಲ್ಲಾಂಗ್ ಚೇಂಬರ್ ಕ್ವಾಯರ್ ನಿಮಗೆಲ್ಲಾ ನೆನಪಿರಬೇಕು. ಅದು ಇದ ಬೇರಿನ ಗಿಡ.

1874ರಾಗ ಇಂಗ್ರೇಜರು ಶಿಲ್ಲಾಂಗನ್ನ ಅಸ್ಸಾಮಿನ ರಾಜಧಾನಿ ಮಾಡಿದ್ರು. ಸಾಹೇಬ್ರು ಬಂದ್ರು, ದಂಡು ಬಂತು, ಕ್ಲಬ್ಬು ಬಂತು. ಆಮ್ಯಾಲೆ ರೇಡಿಯೋ, ಗ್ರಾಮೋಫೋನ್ ತಟ್ಟಿ, ಗಿಟಾರು. ದುಯಿತಾರಾ ಬಾರಿಸಿದ ಕೈಗೆ ಗಿಟಾರು ಅಪರೂಪ ಅನಿಸಲಿಲ್ಲ.

ಲೂ ಮಜಾವ್ ಹುಟ್ಟಿದ್ದು 1947ರಾಗ. ಬಡತನದ ಮನಿ. ಗಿಟಾರು ಇರ್ಲಿ, ಮನ್ಯಾಗ ರೇಡಿಯೋನೂ ಇರಲಿಲ್ಲ. 1960ರ ದಶಕದಾಗ ಕಲ್ಕತ್ತಾಕ್ಕ ಹೋದ್ರು. ಪಾರ್ಕ್ ಸ್ಟ್ರೀಟಿನ ಹೊಟೇಲುಗಳಾಗ ಬ್ಯಾಂಡ್ ಕಟ್ಟಿ ಹಾಡೋ ಕಾಲ ಅದು. ಅವರೂ ಅಂಥಾ ಬ್ಯಾಂಡಿನ್ಯಾಗ ಹಾಡಿ ಹೊಟ್ಟಿ ಹೊರಕೊಂಡ್ರು. ಡಿಲನ್ನನ ಹಾಡು ಅವರ ಕಿವಿಗೆ ಬಿದ್ದದ್ದು ಅಲ್ಲೇ. ತಮ್ಮನ್ನ ಹಿಡಿದದ್ದು ಆ ಹಾಡಿನೊಳಗಿನ ಮಾತು ಅಂತ ಅವರು ಕೇಳಿದವರಿಗೆಲ್ಲಾ ಹೇಳ್ಕೋತ ಬಂದಾರ.

1972 ಜನವರಿ 21ಕ್ಕ ಮೇಘಾಲಯ ಬ್ಯಾರೆ ರಾಜ್ಯ ಆತು. ನಾಲ್ಕು ತಿಂಗಳಿಗೆ, ಮೇ 24ಕ್ಕ, ಲೂ ಮಜಾವ್ ಮೊದಲನೇ ಸಲ ಡಿಲನ್ನನ ಹುಟ್ಟುಹಬ್ಬ ಮಾಡಿದ್ರು. ಆವಾಗ ಡಿಲನ್ನಗ 31 ವರ್ಷ, ಇವರಿಗೆ 25. ಆ ಡಿಲನ್ನಗ 2016ರಾಗ ಸಾಹಿತ್ಯದ ನೊಬೆಲ್ ಬಂದಾಗ ಜಗತ್ತಿಗೆಲ್ಲಾ ಅಚ್ಚರಿ, ಹಾಡು ಸಾಹಿತ್ಯ ಹೆಂಗಾಗ್ತದ ಅಂತ ವಾದ. ಬೇಂದ್ರೆ ಅಜ್ಜಾರ ಊರಿನವರಾದ ನಮಗ ಆ ವಾದ ಎಲ್ಲಿಂದ ಬರಬೇಕು?

ಇನ್ನ ನಾ ಕಂಡದ್ದು ಹೇಳ್ತೀನಿ. ನಮ್ಮ ಮನಿ ಮಾಲಕಿ ಖಾಸಿ ಹೆಣ್ಣುಮಗಳು. ಅಲ್ಲೆ ಹಿರಿಯ ಹೆಂಗಸರಿಗೆ "ಕಾಂಗ್" ಅಂತಾರ, ಅಕ್ಕಾ ಅಂದಂಗ. ಗಂಡಸರಿಗೆ "ಬಾ", ಅಂದ್ರ ಅಣ್ಣಾ. ಹಂಗಾಗಿ ಲೂ ಮಜಾವ್ ಊರಿಗೆಲ್ಲಾ ಬಾ ಲೂ. ಅವರಲ್ಲೆ ಮಕ್ಕಳಿಗೆ ತಾಯಿ ಕುಲದ ಹೆಸರು, ಮನಿ ಹೋಗೂದು ಕಡೀ ಮಗಳಿಗೆ. ನಮ್ಮ ಕಾಂಗ್ ಅಂಥಾ ಕಡೀ ಮಗಳು. ಒಂದು ಮೇ 24ಕ್ಕ ಸಂಜೀಕ, "ನಡೀರಿ, ಇವತ್ತ ಮನ್ಯಾಗ ಕೂಡಬಾರ್ದು" ಅಂತ ನನ್ನ ಕರಕೊಂಡು ಹೋದ್ರು. ಲೈತುಮ್‌ಖ್ರಾ ಓಣಿಯೊಳಗ ಒಂದು ಸಣ್ಣ ಕೆಫೆ. ಹೊರಗ ಜಿಟಿಜಿಟಿ ಮಳಿ, ಒಳಗ ಕುರ್ಚಿ ಮೂವತ್ತರ ಮ್ಯಾಲೆ ಇರಲಿಕ್ಕಿಲ್ಲ. ಹಾಲಿಲ್ಲದ ಕೆಂಪು ಚಹಾ. ಕೂತ ಕೂಡ್ಲೆ ಬಾಜೂದಾಕಿ ಕ್ವಾಯ್ ಕೊಟ್ಟಳು, ಅಂದ್ರ ಹಸಿ ಅಡಿಕಿ, ಎಲಿ, ಸುಣ್ಣ. ಬಂದವರಿಗೆ ಮೊದಲ ಎಲಿ ಅಡಿಕಿ ಕೊಡೂದು ನಮ್ಮಂಗ.

ಖರೇ ಹೇಳಬೇಕಂದ್ರ ಒಳಗ ಹೋಗೂತನಾ ನನಗ ಹಿಂಜರಿಕಿ ಇತ್ತು. ಹೊರಗಿನವರಿಗೆ ಅಲ್ಲೆ "ದಖಾರ್" ಅಂತಾರ. 1979, 1987, 1992ರಾಗ ಆ ಊರಾಗ ಹೊರಗಿನವರ ಮ್ಯಾಲೆ ದಂಗೆ ಆಗ್ಯಾವ, ಕರ್ಫ್ಯೂ ಬಿದ್ದದ. ಎಷ್ಟೋ ಬಂಗಾಲಿ, ನೇಪಾಳಿ ಮನಿಯವರು ಊರ ಬಿಟ್ಟು ಹೋಗ್ಯಾರ. ಆ ಕಥಿ ಎಲ್ಲಾರಿಗೂ ಗೊತ್ತು, ಯಾರೂ ಜೋರಾಗಿ ಆಡೂದಿಲ್ಲ. ಅಂಥಾ ಊರಾಗ ಒಬ್ಬರು ಹೊರಗಿನವನ ಹಾಡನ್ನ ನಮ್ಮದು ಅಂತ ವರ್ಷಾ ಹಾಡೂದು ಸಣ್ಣ ಮಾತಲ್ಲ ಅಂತ ನನಗ ಅಲ್ಲೆ ಕೂತಾಗ ಅನಿಸ್ತು.

ಬಾ ಲೂ ಬಂದ್ರು. ಎಪ್ಪತ್ತು ದಾಟಿದ ಮನುಷ್ಯರು, ಬೆನ್ನಿನ ಮ್ಯಾಲೆ ಬೆಳ್ಳನ್ನ ಉದ್ದ ಕೂದಲಾ. ಆ ಥಂಡಿಯೊಳಗೂ ಕತ್ತರಿಸಿದ ಜೀನ್ಸಿನ ಗಿಡ್ಡ ಚಡ್ಡಿ. ಒಂದು ಕಾಲಿಗೆ ಒಂದು ಬಣ್ಣದ ಸಾಕ್ಸು, ಇನ್ನೊಂದಕ್ಕ ಇನ್ನೊಂದು. ಅದು ಅವರ ಖಾಯಂ ವೇಷ ಅಂತ. ನಮ್ಮ ಓಣ್ಯಾಗ ಹಂಗ ಅಡ್ಡಾಡಿದ್ರ ಏನಾಗ್ತಿತ್ತು, ನೀವ ಊಹಾ ಮಾಡ್ರಿ! ಆದ್ರ ಗಿಟಾರಿನ ಮ್ಯಾಲೆ ಕೈ ಬಿದ್ದ ಕೂಡ್ಲೆ ವೇಷ ಮರ್ತು ಹೋತು.

ಧ್ವನಿ ಹರೇದ್ದಲ್ಲ. ಒಡದದ, ಮ್ಯಾಲಿನ ಸ್ವರಕ್ಕ ಏರಿದಾಗ ಖರಖರ ಅಂತದ. ದೊಡ್ಡ ಮೈದಾನದಾಗ ಆಗಿದ್ರ ಇದು ದೋಷ ಅಂತ ಕೇಳಿಸ್ತಿತ್ತೋ ಏನೋ. ಆ ಸಣ್ಣ ಖೋಲಿಯೊಳಗ ಉಸುರು ತಗೊಂಡದ್ದೂ ಕೇಳಿಸ್ತಿತ್ತು, ತಂತಿ ಮ್ಯಾಲೆ ಬಳ್ಳು ಸರಿದದ್ದೂ ಕೇಳಿಸ್ತಿತ್ತು. ಡಿಲನ್ನನ ಹಾಡಿನ ನಡುವ ತಾವ ಕಟ್ಟಿದ ಹಾಡೂ ಹಾಡಿದ್ರು. ನನಗ ಇಂಗ್ಲೀಷ ಹಾಡು ಅರ್ಧಕ್ಕರ್ಧ ತಿಳೀಲಿಲ್ಲ. ಆದ್ರ ಹಿಂದಿನ ಬಾಕಿನ ಮ್ಯಾಲೆ ಕೂತ ಕಾಲೇಜ ಹುಡುಗೀರು ಎರಡನೇ ಧ್ವನಿ ಹಿಡಿದ್ರು, ನಮ್ಮ ಕಾಂಗ್ ಕಣ್ಣು ಮುಚ್ಚಿ ಮೂರನೇದು ಹಿಡಿದ್ರು. ಸಾಬೂನು, ಬಾಡಿಗಿ, ನೀರಿನ ಮಾತು ಬಿಟ್ಟು ಬ್ಯಾರೆ ಏನೂ ನನ್ನ ಕೂಡ ಆಡದ ಬಾಯಿಂದ ಅಂಥಾ ಧ್ವನಿ!

ಮನಿಗೆ ಬರ್ತ ದಾರಿಯೊಳಗ ಕೇಳಿದೆ, "ಮೊದಲ ವರ್ಷ ಎಷ್ಟು ಮಂದಿ ಬಂದಿದ್ರು?" ಅಂತ. ಕಾಂಗ್ ನಕ್ಕರು. "ಅದು ಲೆಕ್ಕಕ್ಕಿಲ್ಲ. ಬಾ ಲೂ ಹಾಡ್ತಾರ ಅನ್ನೋದು ಗ್ಯಾರಂಟಿ. ಅದಕ್ಕ ಮಂದಿ ಬರ್ತಾರ" ಅಂದ್ರು.

ಆ ಮಾತು ನನ್ನ ತಲ್ಯಾಗ ಉಳೀತು. ಯಾಕಂದ್ರ ನಮ್ಮ ಮನಿ ಹಾಡಿನ ಹಣೇಬರಹ ನೋಡ್ರಿ. ಬೀಸೂ ಕಲ್ಲು ಹೋದಾಗ ಬೀಸೂ ಪದಾ ಹೋದ್ವು. ಮದವಿ ಕಾರ್ಯಾಲಯಕ್ಕ ಹೋದಾಗ ಅರಿಷಿಣ ಹಚ್ಚೂ ಹಾಡಿನ ಜಾಗಾದಾಗ ಡಿಜೆ ಬಂತು. ಗೌರಿ ಹುಣ್ಣಿಮಿಗೆ ಸಕ್ಕರಿ ಆರತಿ ಹಿಡಕೊಂಡು ಮನಿಮನಿಗೆ ಹೋಗಿ ಹಾಡೋ ಹುಡುಗೀರು ಈಗ ಆರತಿ ಬೆಳಗಿ ಫೋಟೋ ತಗೊಂಡು ಬರ್ತಾರ. 1931ರಾಗ ಹಲಸಂಗಿ ಗೆಳೆಯರು "ಗರತಿಯ ಹಾಡು" ಅಚ್ಚು ಹಾಕಿಸದಿದ್ರ ಎಷ್ಟು ಹಾಡು ಆಗಲೇ ಹೋಗ್ತಿದ್ವೋ. ಆ ಹಾಡು ಕಟ್ಟಿದವರೂ ಅವರ, ಹಾಡಿದವರೂ ಅವರ. ಆದ್ರ ಒಬ್ಬಾಕಿ ಹೆಸರೂ ನಮಗ ಗೊತ್ತಿಲ್ಲ. ಪುಸ್ತಕದಾಗ ಅಕ್ಷರ ಉಳೀತದ, ಧಾಟಿ ಉಳಿಯೂದಿಲ್ಲ. ಧಾಟಿ ಉಳೀಬೇಕಂದ್ರ ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ, ಅದೂ ಹತ್ತು ಹೆಜ್ಜಿ ಒಳಗ, ಬೀಳಬೇಕು.

ನಾವು ಹೆಣ್ಣುಮಕ್ಕಳಿಗೆ ವ್ರತ ಅಂದ್ರ ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ತಿಥಿ ಬಂತಂದ್ರ ಮೈ ನೆಟ್ಟಗಿರ್ಲಿ ಬಿಡ್ಲಿ, ಮಂದಿ ಬರ್ಲಿ ಬಿಡ್ಲಿ, ಮಾಡ್ತೀವಿ. ಬಾ ಲೂ ಮಾಡಿದ್ದೂ ಅಷ್ಟ, ದೇವರ ಜಾಗಾದಾಗ ಹಾಡು ಇಟ್ಟು.

ಅದಕ್ಕ ಒಂದು ಮಾತು. ಬರೋ ಗೌರಿ ಹುಣ್ಣಿಮಿಗೆ ಸಂಜೀ ಆರಕ್ಕ ನಮ್ಮ ಪಡಸಾಲಿಯೊಳಗ ಜಮಖಾನಿ ಹಾಸಿರ್ತೀನಿ. ಮಾಳಮಡ್ಡಿ ಕಾಕೂಗ ಆರತಿ ಹಾಡು ಹದಿನಾರು ಬರ್ತಾವ, ಅದರಾಗ ಎರಡು ಅವರ ಅತ್ತಿ ಕಟ್ಟಿದ್ದು. ಅವರಿಗೀಗ ಎಂಬತ್ಮೂರು. ವೈನಿ, ನಿಮ್ಮವ್ವನ ಹಾಡಿನ ವಹಿ ಟ್ರಂಕಿನ್ಯಾಗ ಇದ್ರ ತಗೊಂಡ ಬರ್ರಿ. ಸೊಸ್ತೇರನ್ನ, ಮೊಮ್ಮಕ್ಕಳನ್ನ ಕರಕೊಂಡ ಬರ್ರಿ. ಚಹಾ, ಚುರಮರಿ ಸೂಸಲಾ ನನ್ನ ಕಡೆ. ಯಾರೂ ಬರದಿದ್ರೂ ಕಾಕೂ ಮತ್ತ ನಾನು ಆರಕ್ಕ ಶುರು ಮಾಡ್ತೀವಿ.