ಕರ್ನಲ್‌ನ ಕಡತವ್ಯವಸ್ಥೆಗಳೂ ಇತಿಹಾಸದ ಆಕರಗಳೂ

ಇತಿಹಾಸದ ಅಭ್ಯಾಸಿಗೆ ಆಕರವು ಉಳಿದಿದ್ದರೆ ಮಾತ್ರ ಸಾಲದು. ಅದನ್ನು ಓದಬಲ್ಲ ವಿದ್ಯೆಯೂ ಉಳಿದಿರಬೇಕು. ಈ ಮಾತಿಗೆ ನಿದರ್ಶನಗಳನ್ನು ಕಲಬುರಗಿ ಜಿಲ್ಲೆಯವರು ದೂರ ಹುಡುಕಬೇಕಾಗಿಲ್ಲ. ಸನ್ನತಿಯಲ್ಲಿ ಅಶೋಕನ ಶಾಸನವನ್ನು ಹೊತ್ತ ಶಿಲೆಯು ಕಾಳಿಯ ಮೂರ್ತಿಗೆ ಪೀಠವಾಗಿ ಉಳಿದುಕೊಂಡಿದ್ದು, 1980ರ ದಶಕದಲ್ಲಿ ಗುಡಿಯ ಮಾಳಿಗೆ ಕುಸಿದ ತರುವಾಯ ಬೆಳಕಿಗೆ ಬಂದಿತು. ಶಿಲೆ ಉಳಿದಿತ್ತು; ಆದರೆ ಬ್ರಾಹ್ಮೀ ಲಿಪಿಯನ್ನು ಓದುವ ವಿದ್ಯೆಯೇ ನಡುವೆ ಅಳಿದುಹೋಗಿ, 1837ರ ಸುಮಾರಿಗೆ ಜೇಮ್ಸ್ ಪ್ರಿನ್ಸೆಪ್ ಅದನ್ನು ಮರಳಿ ದೊರಕಿಸಿಕೊಡಬೇಕಾಯಿತು. 1948ರವರೆಗೆ ಈ ಸೀಮೆ ಹೈದರಾಬಾದು ಸಂಸ್ಥಾನದಲ್ಲಿದ್ದುದರಿಂದ, ಇಲ್ಲಿಯ ಹಳೆಯ ಕಾಗದಪತ್ರಗಳು ಫಾರಸಿ ಮತ್ತು ಉರ್ದು ಭಾಷೆಗಳಲ್ಲಿವೆ. ಅವುಗಳ ಬರವಣಿಗೆಯನ್ನು ಸರಾಗವಾಗಿ ಓದುವವರು ಇಂದು ವಿರಳ. ಇದೇ ಪ್ರಶ್ನೆ ಗಣಕಯಂತ್ರದ ಆಕರಗಳಿಗೂ ಹೇಗೆ ಅನ್ವಯಿಸುತ್ತದೆಂಬುದನ್ನು ಪ್ರಸ್ತುತ ಪ್ರಬಂಧದಲ್ಲಿ ವಿಚಾರಿಸಲಾಗಿದೆ.

ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಹೆದ್ದಾರಿಯ ಮೇಲೆ ಕಮಲಾಪುರವಿದೆ. ಅದರ ಸುತ್ತಣ ಹಳ್ಳಿಗಳ ಶಾಸನಗಳನ್ನೂ ವೀರಗಲ್ಲುಗಳನ್ನೂ ಸುಮಾರು 20 ವರ್ಷಗಳ ಹಿಂದೆ ಅಧ್ಯಾಪಕರೊಬ್ಬರು ಛಾಯಾಚಿತ್ರದಲ್ಲಿ ಹಿಡಿದಿಟ್ಟಿದ್ದರು. ಆ ಚಿತ್ರಗಳಿದ್ದ ಹಾರ್ಡ್ ಡಿಸ್ಕು ಇತ್ತೀಚೆಗೆ ಈ ಲೇಖಕನ ಕೈಸೇರಿತು. ಡಿಸ್ಕು ತಿರುಗುತ್ತಿತ್ತು, ಸದ್ದಿನಲ್ಲಿ ದೋಷವಿರಲಿಲ್ಲ. ಆದರೂ ಹೊಸ ಲಿನಕ್ಸ್ ಯಂತ್ರಕ್ಕೆ ಜೋಡಿಸಿದಾಗ, ಇದು ತಾನರಿಯದ ಬಗೆಯ ಕಡತವ್ಯವಸ್ಥೆಯೆಂದು ಯಂತ್ರವು ತಿಳಿಸಿ ಸುಮ್ಮನಾಯಿತು. ಡಿಸ್ಕು ಕೆಟ್ಟಿತೆಂದು ಅದನ್ನು ಎಸೆಯುವ ಆಲೋಚನೆಯೂ ಬಂದಿತ್ತೆಂಬುದನ್ನು ಇಲ್ಲಿ ಮುಚ್ಚಿಡಬೇಕಾಗಿಲ್ಲ.

ಕಡತವೆಂದರೆ ನಮ್ಮ ಹಿರಿಯರಿಗೆ ಇದ್ದಿಲು ಮತ್ತು ಹುಣಿಸೆಬೀಜದ ಅಂಟನ್ನು ಬಳಿದು ಕಪ್ಪಾಗಿಸಿದ ಬಟ್ಟೆಯ ಮಡಿಕೆಪುಸ್ತಕ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಇಂದಿನ ಗಣಕಯಂತ್ರದ ಕಡತಕ್ಕೆ ಅಂತಹ ಮಡಿಕೆ ಇಲ್ಲ. ಡಿಸ್ಕಿನ ಮೇಲಿರುವುದು ಕೇವಲ ಅಂಕೆಗಳ ಉದ್ದ ಸಾಲು. ಆ ಸಾಲಿನಲ್ಲಿ ಯಾವ ಕಡತ ಎಲ್ಲಿ ಆರಂಭವಾಗುತ್ತದೆ, ಅದರ ಹೆಸರೇನು, ಅದರ ಭಾಗಗಳು ಎಲ್ಲೆಲ್ಲಿ ಚದುರಿವೆ ಎಂಬುದನ್ನು ಗೊತ್ತುಪಡಿಸುವ ಕಟ್ಟಳೆಯೇ ಕಡತವ್ಯವಸ್ಥೆ, ಅಂದರೆ ಫೈಲ್ ಸಿಸ್ಟಮ್. ಯಂತ್ರದ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್ ಈ ಕಟ್ಟಳೆಯನ್ನು ಅರಿತಿದ್ದರೆ ಕಡತಗಳು ಕಾಣುತ್ತವೆ; ಅರಿಯದಿದ್ದರೆ ಡಿಸ್ಕು ಮೂಕವಾಗುತ್ತದೆ.

ಲಿನಕ್ಸ್ ಕರ್ನಲ್ ಯಾವ ಯಾವ ಕಟ್ಟಳೆಗಳನ್ನು ಅರಿತಿರಬೇಕೆಂಬುದನ್ನು ಅದನ್ನು ಕಟ್ಟುವ ಕಾಲದಲ್ಲಿಯೇ ನಿರ್ಧರಿಸಲಾಗುತ್ತದೆ. ಮೂಲಸಂಹಿತೆಯಿಂದ ಕರ್ನಲನ್ನು ಕಟ್ಟುವವನ ಮುಂದೆ ಆಯ್ಕೆಗಳ ಪಟ್ಟಿಯೊಂದು ತೆರೆಯುತ್ತದೆ. ಅದರಲ್ಲಿ ಕಡತವ್ಯವಸ್ಥೆಗಳಿಗೆಂದೇ ಒಂದು ವಿಭಾಗವುಂಟು. ಸಾಮಾನ್ಯವಾಗಿ ಪ್ರತಿಯೊಂದರ ಎದುರಿಗೆ ಮೂರು ಗುರುತುಗಳಲ್ಲಿ ಒಂದನ್ನು ಹಾಕಬಹುದು. ‘ವೈ’ ಎಂದರೆ ಅದು ಕರ್ನಲ್‌ನಲ್ಲಿಯೇ ಬೆಸೆದುಕೊಳ್ಳುತ್ತದೆ. ‘ಎಂ’ ಎಂದರೆ ಮಾಡ್ಯೂಲಾಗಿ ಬೇರೆ ನಿಂತು, ಬೇಕಾದಾಗ ಬಂದು ಸೇರುತ್ತದೆ. ‘ಎನ್’ ಎಂದರೆ ಅದಕ್ಕೆ ಸ್ಥಾನವೇ ಇಲ್ಲ. ಇಲ್ಲೊಂದು ಎಚ್ಚರಿಕೆ ಅವಶ್ಯ: ಮೂಲ ವಿಭಾಗವು ಯಾವ ಕಡತವ್ಯವಸ್ಥೆಯಲ್ಲಿದೆಯೋ ಅದನ್ನು ‘ಎಂ’ ಎಂದು ಗುರುತಿಸಿ, ಪ್ರಾರಂಭಕಾಲದ ತಾತ್ಕಾಲಿಕ ಕಡತಸಮೂಹದಲ್ಲಿ ಆ ಮಾಡ್ಯೂಲನ್ನು ಸೇರಿಸದಿದ್ದರೆ ಯಂತ್ರವೇ ಏಳುವುದಿಲ್ಲ. ಡಿಸ್ಕನ್ನು ಓದುವ ಮಾಡ್ಯೂಲು ಅದೇ ಡಿಸ್ಕಿನೊಳಗಿದ್ದರೆ ಪೆಟ್ಟಿಗೆಯ ಕೀಲಿಕೈಯನ್ನು ಪೆಟ್ಟಿಗೆಯಲ್ಲಿಯೇ ಇಟ್ಟು ಮುಚ್ಚಿದಂತಾಗುತ್ತದೆ.

ಈ ಪಟ್ಟಿಗೂ ಒಂದು ಇತಿಹಾಸವಿದೆ. 1991ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಲಿನಕ್ಸನ್ನು ಆರಂಭಿಸಿದಾಗ ಅದು ಮಿನಿಕ್ಸ್‌ನ ಕಡತವ್ಯವಸ್ಥೆಯೊಂದನ್ನೇ ಅವಲಂಬಿಸಿತ್ತು. ಅದರಲ್ಲಿ ಡಿಸ್ಕಿನ ಮಿತಿ 64 ಮೆಗಾಬೈಟು, ಹೆಸರಿನ ಮಿತಿ 14 ಅಕ್ಷರ. ಈ ಇಕ್ಕಟ್ಟನ್ನು ಮೀರಲು ರೆಮಿ ಕಾರ್ಡ್ 1992ರಲ್ಲಿ ಎಕ್ಸ್‌ಟ್ ಎಂಬುದನ್ನೂ 1993ರಲ್ಲಿ ಎಕ್ಸ್‌ಟ್2 ಎಂಬುದನ್ನೂ ಹೊರತಂದನು. ಆ ಕಾಲದಲ್ಲಿಯೇ ಕರ್ನಲ್‌ನಲ್ಲಿ ವಿಎಫ್‌ಎಸ್ ಎಂಬ ಮಧ್ಯದ ಪದರವು ಸೇರಿತು. ಮೇಲಿನ ತಂತ್ರಾಂಶವು ಒಂದೇ ಮಾತಿನಲ್ಲಿ ಕೇಳಿದುದನ್ನು ಈ ಪದರವು ಆಯಾ ಕಡತವ್ಯವಸ್ಥೆಗೆ ಒಪ್ಪಿಸುವ ದುಭಾಷಿಯಂತೆ ವರ್ತಿಸುವುದರಿಂದ, ಹಲವು ಕಟ್ಟಳೆಗಳು ಒಂದೇ ಯಂತ್ರದಲ್ಲಿ ಕೂಡಿ ಬಾಳುವುದು ಸುಲಭವಾಯಿತು.

ಸೇರ್ಪಡೆಯಂತೆ ನಿರ್ಗಮನವೂ ಉಂಟು. ಅದರಲ್ಲಿ ಎರಡು ಬಗೆಗಳನ್ನು ವಿಂಗಡಿಸತಕ್ಕದ್ದು. 2001ರಲ್ಲಿ ಕರ್ನಲನ್ನು ಸೇರಿದ ಎಕ್ಸ್‌ಟ್3ರ ಪ್ರತ್ಯೇಕ ಸಂಹಿತೆಯನ್ನು 2015ರಲ್ಲಿ ತೆಗೆದುಹಾಕಲಾಯಿತು. ಆದರೆ ಎಕ್ಸ್‌ಟ್4ರ ಸಂಹಿತೆಯೇ ಹಳೆಯ ಎಕ್ಸ್‌ಟ್3 ಡಿಸ್ಕುಗಳನ್ನು ಓದಬಲ್ಲುದಾದ್ದರಿಂದ ಯಾವ ಆಕರವೂ ನಷ್ಟವಾಗಲಿಲ್ಲ. ಇದು ಉತ್ತರಾಧಿಕಾರಿಯುಳ್ಳ ನಿರ್ಗಮನ. ಹಾನ್ಸ್ ರೈಸರ್ ರೂಪಿಸಿದ ರೈಸರ್‌ಎಫ್‌ಎಸ್‌ನದು ಬೇರೆ ಕಥೆ. ಅದೂ 2001ರಲ್ಲಿಯೇ ಸೇರಿ, 2006ರವರೆಗೆ ಸೂಸೆ ಲಿನಕ್ಸ್‌ನಲ್ಲಿ ರೂಢಿಯ ಆಯ್ಕೆಯಾಗಿತ್ತು. ಬಳಸುವವರೂ ಪಾಲಿಸುವವರೂ ಕಡಿಮೆಯಾದಂತೆ 2022ರಲ್ಲಿ ಅದನ್ನು ಬಳಕೆಗೆ ತಕ್ಕದ್ದಲ್ಲವೆಂದು ಗುರುತಿಸಿ, 2025ರ ಜನವರಿಯಲ್ಲಿ ಹೊರಬಂದ 6.13ನೆಯ ಆವೃತ್ತಿಯಿಂದ ಕೈಬಿಡಲಾಯಿತು. ಅದನ್ನು ಓದಬಲ್ಲ ಉತ್ತರಾಧಿಕಾರಿ ಕರ್ನಲ್‌ನಲ್ಲಿ ಇಲ್ಲ. ಕಮಲಾಪುರದ ಚಿತ್ರಗಳಿದ್ದ ಡಿಸ್ಕು ಈ ಬಗೆಯದಾಗಿತ್ತು.

ಇದರಲ್ಲಿ ಪಾಲಕರನ್ನು ದೂರುವುದು ನ್ಯಾಯವಲ್ಲ. ಯಾರೂ ಪರೀಕ್ಷಿಸದ ಸಂಹಿತೆಯು ದೋಷಗಳಿಗೆ ಆಸ್ಪದವಾಗುತ್ತದೆ; ಉಳಿದ ಭಾಗಗಳ ಸುಧಾರಣೆಗೂ ತೊಡಕಾಗುತ್ತದೆ. ಅಲ್ಲದೆ ಬ್ರಾಹ್ಮಿಗೂ ಇದಕ್ಕೂ ಮಹತ್ವದ ಅಂತರವಿದೆ. ಬ್ರಾಹ್ಮಿಯ ಓದು ಅಳಿದಾಗ ಅದರ ಕೈಪಿಡಿ ಯಾರ ಬಳಿಯೂ ಇರಲಿಲ್ಲ. ಇಲ್ಲಿ ಹಳೆಯ ಆವೃತ್ತಿಗಳ ಮೂಲಸಂಹಿತೆಯೆಲ್ಲವೂ ಬಹಿರಂಗವಾಗಿ ಉಳಿದಿದೆ. ನಾವು ಮೊದಲು ಡಿಸ್ಕಿನ ಸಮಗ್ರ ಪ್ರತಿಯನ್ನು ತೆಗೆದುಕೊಂಡೆವು. ಓದಲು ಮಾತ್ರವೆಂದು ತೆರೆದರೂ ಈ ಕಡತವ್ಯವಸ್ಥೆ ತನ್ನ ದಿನಚರಿಯನ್ನು ಸರಿಪಡಿಸಲು ಡಿಸ್ಕಿನ ಮೇಲೆ ಬರೆಯುವ ಸಂಭವವುಂಟು. ಬಳಿಕ 6.12ನೆಯ ಆವೃತ್ತಿಯ ಮೂಲವನ್ನು ತಂದು, ರೈಸರ್‌ಎಫ್‌ಎಸ್‌ನ ಎದುರಿಗೆ ‘ಎಂ’ ಎಂದು ಗುರುತಿಸಿ ಕರ್ನಲನ್ನು ಕಟ್ಟಿದೆವು. ಆ ಪ್ರತಿಯು ತೆರೆಯಿತು, ಚಿತ್ರಗಳು ದೊರೆತವು. ಅವುಗಳಲ್ಲಿದ್ದ ಒಂದು ವೀರಗಲ್ಲು ಇಂದು ಅದೇ ಸ್ಥಳದಲ್ಲಿ ಕಾಣಸಿಗುವುದಿಲ್ಲ. ಅದಕ್ಕೆ ಈ ಚಿತ್ರವೇ ಆಧಾರ.

ಚಿತ್ರಗಳನ್ನು ಫ್ಯಾಟ್ ಕಡತವ್ಯವಸ್ಥೆಯ ಪೆನ್‌ಡ್ರೈವಿಗೆ ಇಳಿಸುವಾಗ ಇನ್ನೊಂದು ಪಾಠವಾಯಿತು. ಅದೇ ವಿಭಾಗದಲ್ಲಿ ಅಕ್ಷರಸಂಕೇತಗಳ ಉಪವಿಭಾಗವೂ ಇದೆ. ಫ್ಯಾಟ್‌ಗೆ ಪಾಶ್ಚಾತ್ಯ ಲಿಪಿಯ ಸಂಕೇತವನ್ನೇ ಬಿಟ್ಟು, ಯುಟಿಎಫ್-8ನ್ನು ಆರಿಸದಿದ್ದರೆ, ಬೇರೆಡೆ ಕನ್ನಡದಲ್ಲಿ ಬರೆದ ಕಡತದ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ತೋರುತ್ತವೆ. ಕಡತ ಕೆಟ್ಟಿರುವುದಿಲ್ಲ, ಓದುವ ಯಂತ್ರಕ್ಕೆ ಕನ್ನಡದ ಪರಿಚಯ ಮಾಡಿಸಿರುವುದಿಲ್ಲ, ಅಷ್ಟೆ.

ಆದುದರಿಂದ ಇತಿಹಾಸ ವಿಭಾಗಗಳು ಮೂರು ಕಾರ್ಯಗಳನ್ನು ಕೈಗೊಳ್ಳುವುದು ಉಚಿತ. ಸಂಗ್ರಹಕ್ಕೆ ಬಂದ ಪ್ರತಿ ಡಿಸ್ಕಿನ ಕಡತವ್ಯವಸ್ಥೆಯ ಹೆಸರನ್ನು ದಾಖಲೆ ಪುಸ್ತಕದಲ್ಲಿ ಬರೆದಿಡಬೇಕು; ಬಳಕೆ ತಪ್ಪುತ್ತಿರುವ ವ್ಯವಸ್ಥೆಯಲ್ಲಿರುವುದನ್ನು, ಅದನ್ನು ಓದುವ ಕರ್ನಲ್ ಸುಲಭವಾಗಿ ದೊರೆಯುವಾಗಲೇ ಹೊಸದಕ್ಕೆ ಸಾಗಿಸಬೇಕು; ಅಂತಹ ಕರ್ನಲ್‌ನ ಆಯ್ಕೆಯ ಪಟ್ಟಿಯನ್ನೂ ಸಂಗ್ರಹದೊಡನೆ ಕಾಪಾಡಬೇಕು. ಶಾಸನದ ಪ್ರತಿಯೊಡನೆ ಅದರ ಲಿಪಿ, ಕಾಲ, ಸ್ಥಳಗಳನ್ನು ನಮೂದಿಸುವುದು ನಮ್ಮ ವಿದ್ವಾಂಸರ ಹಳೆಯ ಸಂಪ್ರದಾಯ. ಡಿಸ್ಕಿಗೂ ಆ ಸಂಪ್ರದಾಯವನ್ನು ವಿಸ್ತರಿಸಿದರೆ, ಮುಂದಿನ ಅಭ್ಯಾಸಿಗೆ ಕಲ್ಲಿನೊಡನೆ ಅದರ ಓದೂ ದೊರೆತೀತು.